ಕುಂಕುಮ ಹಚ್ಚಿದ ಬಿಲ್ಲೆ

ಚಂದ್ರಶೇಖರಪ್ಪ ಮಾಸ್ತರರು ಮಹಾನಂದಾಳನ್ನು ಮೊದಲ ಸಲ ಕಂಡ ದಿನ, ಇಳಕಲ್ಲಿನ ಹೈಸ್ಕೂಲಿನ ಪ್ರಯೋಗದ ಕೋಣೆಯಲ್ಲಿ ಒಂದು ಬೂಚು ಹಾರಿ ಮೇಲಿನ ಹಂಚಿಗೆ ಬಡಿದಿತ್ತು. ಎರಡು ಸಾವಿರದ ಏಳನೆಯ ಇಸವಿಯ ಜೂನ್ ತಿಂಗಳು. ಎಂಟನೆಯ ತರಗತಿಯವರಿಗೆ ಉಗಿಯ ಬಲ ತೋರಿಸಬೇಕೆಂದು ಮಾಸ್ತರರು ಗಾಜಿನ ನಳಿಗೆಯಲ್ಲಿ ನೀರು ಹಾಕಿ, ಬಾಯಿಗೆ ಬೂಚು ಒತ್ತಿ, ದೀಪದ ಮೇಲೆ ಹಿಡಿದಿದ್ದರು. ಬೂಚು ಟಪ್ಪೆಂದು ಹಾರಿತು. ಹುಡುಗರು ಹೋ ಎಂದರು. ಆ ಗದ್ದಲದಲ್ಲೇ ಬಾಗಿಲಲ್ಲಿ ಒಬ್ಬ ಗಂಡಸು ಒಂದು ಹುಡುಗಿಯ ಕೈ ಹಿಡಿದು ಬಂದು ನಿಂತಿದ್ದ. ಅವನ ಹುಬ್ಬಿನ ಮೇಲೆ, ಕಿವಿಯ ಸುಳಿಯಲ್ಲಿ, ಅಂಗಿಯ ಕೊರಳಪಟ್ಟಿಯಲ್ಲಿ ಕೆಂಪು ಕಲ್ಲಿನ ಹುಡಿ ಕೂತಿತ್ತು.

"ನಮಸ್ಕಾರ್ರಿ ಮಾಸ್ತರ್ರ. ನಮ್ಮಕ್ಕನ ಮಗಳ್ರಿ. ಹೆಸರು ಹಚ್ಚಿ ಬಂದೇನಿ. ಇನ್ನ ನೀವ ತಾಯಿ, ನೀವ ತಂದಿ."

ಮಾಸ್ತರರು ಉತ್ತರ ಹೇಳುವ ಮೊದಲೇ ಹುಡುಗಿ ನಳಿಗೆಯತ್ತ ಕೈಮಾಡಿ ಕೇಳಿದಳು: "ಸರ, ಬಾಯಿ ಮುಚ್ಚಿ ಕಾಸಿದ್ರ ಉಗಿ ಆದ್ರೂ ಎಲ್ಲಿಗೆ ಹೋಗಬೇಕ್ರಿ?"

ತರಗತಿ ಮತ್ತೊಮ್ಮೆ ನಕ್ಕಿತು. ಮಾಸ್ತರರು ನಗಲಿಲ್ಲ. ಆ ಗಂಡಸು ಮಾತ್ರ ಹಲ್ಲು ತೋರಿಸಿ, "ಹಿಂಗs ಕೇಳ್ಕೋತ ಇರ್ತೈತ್ರಿ ಇದು. ಇಷ್ಟ ದಿನಾ ನನ್ನ ತಲಿ ತಿಂದೈತಿ, ಇನ್ನ ನಿಮ್ಮ ಪಾಳಿ" ಎಂದ. ಹಾಗೆನ್ನುವಾಗ ಅವನ ಅಂಗೈ ಹುಡುಗಿಯ ನೆತ್ತಿಯ ಮೇಲಿತ್ತು. ಅವನು ಕಲ್ಲಪ್ಪ. ಮಹಾನಂದಾಳ ಸೋದರಮಾವ.

ಮಹಾನಂದಾಳ ತಂದೆ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ತಾಯಿ ಶೇಖವ್ವ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದಳು. ಇಳಕಲ್ಲಿನ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆ ಎಳೆಗೂ ಕೊಂಡಿ ಹಾಕಿ ಜೋಡಿಸಬೇಕು. ಒಬ್ಬರ ಕೈಗೆ ಸಾಲುವ ಕೆಲಸವಲ್ಲ. ಮಗ್ಗದ ಆ ಬದಿಗೆ ಗಂಡ ಕೂಡುತ್ತಿದ್ದ ಜಾಗದಲ್ಲಿ ಆಮೇಲೆ ತಮ್ಮ ಬಂದು ಕೂತ. ಇಡೀ ದಿನ ಗ್ರಾನೈಟ್ ಪಾಲಿಶ್ ಮಾಡಿ ಬಂದು, ಕೈ ತೊಳೆದು, ಒಂದು ಬಟ್ಟಲು ಚಹಾ ಕುಡಿದು, ಅಕ್ಕನಿಗೆ ಎಳೆ ಕೊಡುತ್ತ ಕೂಡುವನು. ಅವನಿಗೆ ಮಕ್ಕಳಾಗಿರಲಿಲ್ಲ. ಮಹಾನಂದಾಳಿಗೆ ಪಾಟಿಚೀಲ ತಂದವನು ಅವನು, ಹುನಗುಂದದ ಕಾಲೇಜಿಗೆ ಬಸ್ಸಿನ ಪಾಸು ಮಾಡಿಸಿದವನು ಅವನು, ಅದೇ ಓಣಿಯ ಕಂಡಕ್ಟರ್ ವೀರೇಶನ ಸಂಬಂಧ ಗೊತ್ತುಮಾಡಿ ಮುಂದೆ ನಿಂತು ಲಗ್ನ ಮಾಡಿದವನೂ ಅವನೇ.

ಕಲ್ಲಿನ ಕೆಲಸದಲ್ಲಿ ಕಲ್ಲಪ್ಪನಿಗೆ ಒಂದು ಹೆಸರಿತ್ತು. ಹಾಳೆಗಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಅಂಟು ತುಂಬಿ ಮುಚ್ಚುವುದು ಎಲ್ಲರಿಗೂ ಬರುತ್ತದೆ. ಕಲ್ಲಪ್ಪ ಮಾತ್ರ ಅದೇ ಕಲ್ಲಿನ ಹುಡಿಯನ್ನು ಜರಡಿ ಹಿಡಿದು ಅಂಟಿಗೆ ಕಲಸಿ ತುಂಬುತ್ತಿದ್ದ. ಒಣಗಿ ಉಜ್ಜಿದ ಮೇಲೆ ಎಲ್ಲಿ ಬಿರುಕಿತ್ತೆಂದು ಅವನೇ ಹುಡುಕಬೇಕು. "ಕಲ್ಲಪ್ಪ ಮುಚ್ಚಿದ ಬಿರುಕು ಕಲ್ಲಿಗೂ ಗೊತ್ತಾಗಂಗಿಲ್ಲ" ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಆ ಕೈಚಳಕ ನೋಡಿಯೇ ಅವನನ್ನು ಹುನಗುಂದದ ದಾರಿಯಲ್ಲಿ ಹೊಸದಾಗಿ ಎದ್ದಿದ್ದ ರಾಳದ ಕಾರ್ಖಾನೆಗೆ ಫಿಟ್ಟರನನ್ನಾಗಿ ಕರೆದುಕೊಂಡರು. ಕಲ್ಲಿಗೆ ಹೊಳಪು ಕೊಡುವ ಸಾಣೆಗಳನ್ನು ಗಟ್ಟಿಯಾಗಿ ಹಿಡಿದಿಡಲು ಬೇಕಾಗುವ ರಾಳವನ್ನು ಅಲ್ಲಿ ಕುದಿಸಿ ತಯಾರಿಸುತ್ತಿದ್ದರು.

ಮಹಾನಂದಾ ರಸಾಯನಶಾಸ್ತ್ರ ಓದಿ ಪಾಸಾದ ವರ್ಷವೇ ಕಲ್ಲಪ್ಪ ಮಾಲಕರ ಮುಂದೆ ನಿಂತು, "ನಮ್ಮ ಹುಡುಗಿ ಐತ್ರಿ, ಒಂದ ತಿಂಗಳ ನೋಡ್ರಿ, ಬ್ಯಾಡಾದ್ರ ಕಳಿಸ್ರಿ" ಎಂದು ಹೇಳಿ ಅವಳನ್ನು ಒಳಗೆ ಸೇರಿಸಿದ. ಮೊದಲೆರಡು ವರ್ಷ ಪರೀಕ್ಷೆಯ ಕೋಣೆಯಲ್ಲಿದ್ದಳು. ಮೂರನೆಯ ವರ್ಷಕ್ಕೆ ಹಗಲು ಪಾಳಿಯ ಜವಾಬ್ದಾರಿ ಅವಳ ಮೇಲೆ ಬಂತು.

ಕಾರ್ಖಾನೆಯಲ್ಲಿ ಎರಡು ರಿಯಾಕ್ಟರುಗಳಿದ್ದವು. ಕಾಗದದಲ್ಲಿ ಮಾತ್ರ ಆ ಹೆಸರು; ಎಲ್ಲರ ಬಾಯಲ್ಲಿ ದೊಡ್ಡ ಹಂಡೆ, ಸಣ್ಣ ಹಂಡೆ. ಮಹಾನಂದಾ ಕೆಲಸಕ್ಕೆ ಸೇರಿದ ದಿನ ಕಲ್ಲಪ್ಪ ಅವಳನ್ನು ಏಣಿ ಹತ್ತಿಸಿ ದೊಡ್ಡ ಹಂಡೆಯ ನೆತ್ತಿಗೆ ಕರೆದೊಯ್ದ. ಅಲ್ಲಿಂದ ಒಂದು ದಪ್ಪ ಕೊಳವೆ ಗೋಡೆ ದಾಟಿ ಹೊರಗಿನ ಗುಂಡಿಯ ಕಡೆಗೆ ಹೋಗುತ್ತಿತ್ತು. ಕೊಳವೆಯ ಬುಡದಲ್ಲಿ ಎರಡು ಉಕ್ಕಿನ ಬಳೆಗಳು, ಎಂಟು ಬೋಲ್ಟು, ನಡುವಿನಿಂದ ನಾಲಗೆಯಂತೆ ಹೊರಗೆ ಚಾಚಿದ್ದ ಒಂದು ಚಿಕ್ಕ ತಗಡಿನ ಬಿಲ್ಲೆ.

"ಈ ಬಳಿ ನಡುವ ಹಾಳಿಯಂಥಾ ತಗಡ ಐತಿ. ನಾವು ಹಪ್ಪಳ ಅಂತೇವಿ. ಫಾರ್ಮಲಿನ್ ನಾವು ಸಣ್ಣಗೆ ಬಿಟ್ಟಂಗೆಲ್ಲ ಫಿನಾಲ್ ತಾನs ಕಾಯ್ತೈತಿ, ಬೆಂಕಿ ಬೇಕಾಗಂಗಿಲ್ಲ. ಸುತ್ತ ತಣ್ಣೀರು ಹರೀತಿರಬೇಕು, ಒಳಗ ಕಡಗೋಲು ತಿರುಗ್ತಿರಬೇಕು. ಅವೆರಡರಾಗ ಒಂದು ನಿಂತ್ರ ಒಳಗಿಂದು ಉಕ್ಕತೈತಿ. ಒತ್ತಡದ ಮುಳ್ಳು ಒಂದೂವರೆಗೆ ಬಂತಂದ್ರ ಈ ಹಪ್ಪಳ ಒಡದು ಎಲ್ಲಾ ಹೊರಗ ಹೋಗತೈತಿ."

"ಗಟ್ಟಿ ತಗಡ ಹಾಕಿದ್ರ?"

"ಅದು ಮುರೀಲಿ ಅಂತನs ಮಾಡಿದ್ದವ್ವಾ. ಅದು ಮುರದ್ರ ನಾವು ಉಳೀತೇವಿ. ಅದು ಗಟ್ಟಿ ಆತಂದ್ರ ನಾವು ಮುರೀತೇವಿ."

ಎಂಟನೆಯ ತರಗತಿಯಲ್ಲಿ ತಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅವಳಿಗೆ ಅನಿಸಿತು. ಆ ದಿನ ಕಲ್ಲಪ್ಪ ಬೋಲ್ಟು ತಿರುವುವ ತನ್ನ ಹಳೆಯ ಪಾನೊಂದನ್ನು ಅವಳ ಕೈಗೆ ಕೊಟ್ಟು, ಬೋಲ್ಟು ಬಿಗಿಯುವ ಕ್ರಮವನ್ನೂ ಕಲಿಸಿದ. ಒಂದನ್ನು ಸ್ವಲ್ಪ ಬಿಗಿದು, ಅದರ ಎದುರಿನದನ್ನು ಸ್ವಲ್ಪ ಬಿಗಿಯಬೇಕು. ಸಾಲಾಗಿ ಹೋದರೆ ಒಂದು ಕಡೆ ಕಚ್ಚಿ ಹಪ್ಪಳ ಸೊಟ್ಟಾಗುತ್ತದೆ. "ಎದರಾ ಬದರ, ಎದರಾ ಬದರ" ಎಂದು ಅವನು ಹೇಳುತ್ತಿದ್ದುದು ಮಗ್ಗದ ಎರಡು ಬದಿಗೆ ಕೂತು ಕೊಂಡಿ ಹಾಕುವಾಗಿನ ಮಾತಿನಂತೆಯೇ ಇತ್ತು.

ಅಂದಿನಿಂದ ಪಾಳಿ ಶುರುವಾಗುವ ಮೊದಲು ಏಣಿ ಹತ್ತಿ ಎರಡೂ ಬಿಲ್ಲೆ ನೋಡಿ ಬರುವುದು ಅವಳ ರೂಢಿಯಾಯಿತು. ಬಿಲ್ಲೆ ಹಪ್ಪಳದ ಮೈಗೇ ಕೂಡಿಕೊಂಡಿರುವ ಬಾಲ. ಬಿಲ್ಲೆ ಇದ್ದರೆ ಹಪ್ಪಳ ಇದ್ದಂತೆ.

ಏಳು ವರ್ಷ ಹೀಗೇ ನಡೆಯಿತು. ಎಂಟನೆಯ ವರ್ಷದ ಮಳೆಗಾಲದಲ್ಲಿ ತಣ್ಣೀರಿನ ಪಂಪಿಗೆ ರಾಡಿ ಕಟ್ಟಿಕೊಂಡು ಎರಡು ಸಲ ಹಪ್ಪಳ ಒಡೆಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಎರಡು ಹಂಡೆ ಮಾಲು ಗುಂಡಿಯ ಪಾಲಾಯಿತು. ಹೊಸ ಹಪ್ಪಳ ಪುಣೆಯಿಂದ ಬರಬೇಕು, ಒಂದೂವರೆ ತಿಂಗಳು ಕಾಯಬೇಕು. ಉಳಿದಿದ್ದ ಎರಡನ್ನು ಎರಡು ಹಂಡೆಗೆ ಕೂಡಿಸಿಯಾಗಿತ್ತು. ಇವೂ ಒಡೆದರೆ ಕೆಲಸ ನಿಲ್ಲಿಸಬೇಕು. ಮಾಲಕರು ಕಲ್ಲಪ್ಪನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡು ಮಾತಾಡಿದ್ದನ್ನು ಮಹಾನಂದಾ ನೋಡಿದ್ದಳು. ಹೊರಗೆ ಬಂದವನನ್ನು ಕೇಳಿದರೆ, "ಪಂಪಿನ ಮಾತು ಬಿಡವ್ವಾ" ಎಂದಿದ್ದ.

ಮಹಾನವಮಿಯ ಖಂಡೇಪೂಜೆ ಬಂತು. ವರ್ಷಕ್ಕೊಮ್ಮೆ ಆಗ ಎರಡು ದಿನ ಕಾರ್ಖಾನೆ ನಿಲ್ಲಿಸಿ, ಯಂತ್ರಗಳನ್ನೆಲ್ಲ ತೊಳೆದು ಬಣ್ಣ ಹೊಡೆಯುವ ಪದ್ಧತಿ. ಎರಡು ದಿನವೂ ಕಲ್ಲಪ್ಪನೊಬ್ಬನೇ ಒಳಗಿದ್ದು ಹಂಡೆಗಳಿಗೆ ಬೆಳ್ಳಿಯ ಬಣ್ಣ ಬಳಿದ. ಪೂಜೆಯ ಹೊತ್ತಿಗೆ ಅವು ಮದುವಣಗಿತ್ತಿಯರಂತೆ ಹೊಳೆಯುತ್ತಿದ್ದವು. ಕಾಯಿ ಒಡೆದರು, ಬಾಳೆಯ ಕಂಬ ಕಟ್ಟಿದರು. ಮಹಾನಂದಾ ಕುಂಕುಮದ ಬಟ್ಟಲು ಹಿಡಿದು ಏಣಿ ಹತ್ತಿ ದೊಡ್ಡ ಹಂಡೆಯ ಬಿಲ್ಲೆಗೆ ಕುಂಕುಮ ಹಚ್ಚಿ, ಒಂದು ಚೆಂಡುಹೂವು ಇಟ್ಟು ಕೈಮುಗಿದಳು. ಕೆಳಗಿನಿಂದ ಮಾಳಪ್ಪ ಎಂಬ ಕೆಲಸಗಾರ, "ಅಕ್ಕೋರ, ಹಪ್ಪಳಕ್ಕ ಪೂಜಿ ಮಾಡಿದ್ರಿ, ಸಂಡಗಿಗೆ ಯಾವಾಗ್ರಿ?" ಎಂದು ಕೂಗಿದ. ಎಲ್ಲರೂ ನಕ್ಕರು. ಕಲ್ಲಪ್ಪನೂ ನಕ್ಕ.

ಮರುದಿನ ದಸರೆ. ಕಲ್ಲಪ್ಪ ಅಕ್ಕನ ಮನೆಗೆ ಬಂದು ಎಲ್ಲರಿಗೂ ಬನ್ನಿ ಕೊಟ್ಟ. ಮಹಾನಂದಾ ಅವನ ಕಾಲಿಗೆ ಎರಗಿ ಕೈಯೊಡ್ಡಿದಳು.

"ಬನ್ನಿ ತಗೊಂಡು ಬಂಗಾರದಂಗ ಇರೂಣವ್ವಾ" ಎಂದ.

ಆ ಎಲೆಗಳನ್ನು ಅವಳು ಹಂಡೆಯ ಕಾವು ಬರೆದಿಡುವ ತನ್ನ ದಿನಚರಿಯ ಪುಸ್ತಕದಲ್ಲಿ ಇಟ್ಟುಕೊಂಡಳು.

ದಸರೆ ಕಳೆದು ಹದಿನೆಂಟನೆಯ ದಿನ, ಮಧ್ಯಾಹ್ನ ಮೂರೂ ಕಾಲು ಗಂಟೆ. ದೊಡ್ಡ ಹಂಡೆಯಲ್ಲಿ ಫಾರ್ಮಲಿನ್ ಅರ್ಧ ಹೋಗಿತ್ತು. ಕರೆಂಟು ಹೋಯಿತು. ಕಡಗೋಲು ನಿಂತಿತು, ಪಂಪು ನಿಂತಿತು. ಮಹಾನಂದಾ ಒಡನೆಯೇ ಫಾರ್ಮಲಿನ್ ನಳವನ್ನು ಮುಚ್ಚಿದಳು. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಒಳಗೆ ಅದಾಗಲೇ ಬಿದ್ದದ್ದು ತನ್ನಷ್ಟಕ್ಕೆ ಕಾಯತೊಡಗಿತು. ಒತ್ತಡದ ಮುಳ್ಳು ಅರ್ಧ ದಾಟಿತು, ಒಂದು ದಾಟಿತು. ಅವಳಿಗೆ ಗಾಬರಿಯಾಗಲಿಲ್ಲ. ಒಂದೂವರೆಗೆ ಹಪ್ಪಳ ಒಡೆಯುತ್ತದೆ, ಮಾಲು ಗುಂಡಿಗೆ ಹೋಗುತ್ತದೆ, ಮಾಲಕರು ಬೈಯುತ್ತಾರೆ, ಅಷ್ಟೇ.

ಮುಳ್ಳು ಒಂದೂವರೆಗೆ ಬಂತು. ಅವಳು ಕಿವಿಗೊಟ್ಟು ನಿಂತಳು. ಏನೂ ಸಪ್ಪಳವಾಗಲಿಲ್ಲ. ಒಂದೂ ಮುಕ್ಕಾಲು. ಎರಡು.

"ಎಲ್ಲಾರೂ ಹೊರಗ ನಡೀರಿ! ಮಾಳಪ್ಪಾ, ಬಾಯಿ ಕಡಿಂದ ಸರಿ!"

ಮಾಳಪ್ಪ ಹಂಡೆಯ ಬಾಯಿ ಮುಚ್ಚಳದ ಹತ್ತಿರ ಇದ್ದ. ಉಳಿದವರು ಓಡಿದರು. ಮಹಾನಂದಾ ಓಡಲಿಲ್ಲ. ಮಾಳಿಗೆಯ ಮೇಲಿನ ತೊಟ್ಟಿಯ ನೀರು ಕರೆಂಟಿಲ್ಲದೆಯೂ ಹಂಡೆಯ ಸುತ್ತ ಹರಿಯುವಂತೆ ಒಂದು ಕೈನಳವಿತ್ತು. ವರ್ಷಗಟ್ಟಲೆ ಯಾರೂ ತಿರುವದ ಅದನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಅದು ತಿರುಗಿ ತಣ್ಣೀರು ಹರಿದ ಹೊತ್ತಿಗೇ ಮುಚ್ಚಳದ ಕೆಳಗಿನ ಪಟ್ಟಿ ಒಂದು ಬದಿಗೆ ಹರಿಯಿತು. ಕುದಿಯುವ ರಾಳದ ಕಾರಂಜಿ ಹೊರಟ ಕಡೆಗೆ ಮಾಳಪ್ಪನ ಬೆನ್ನಿತ್ತು.

ಇಪ್ಪತ್ತು ನಿಮಿಷದಲ್ಲಿ ಹಂಡೆ ತಣ್ಣಗಾಯಿತು. ಮಾಳಪ್ಪನನ್ನು ಜೀಪಿನಲ್ಲಿ ಹುನಗುಂದಕ್ಕೆ, ಅಲ್ಲಿಂದ ಬಾಗಲಕೋಟೆಗೆ ಒಯ್ದರು. ಬಲಗೈಯೂ ಬೆನ್ನೂ ಬೆಂದಿದ್ದವು. ಜೀವ ಉಳಿಯಿತು.

ಮರುದಿನ ಬೆಳಗ್ಗೆ ಮಹಾನಂದಾ ಒಬ್ಬಳೇ ಏಣಿ ಹತ್ತಿದಳು. ಬಿಲ್ಲೆ ತನ್ನ ಜಾಗದಲ್ಲೇ ಇತ್ತು. ಅವಳು ಹಚ್ಚಿದ ಕುಂಕುಮ ಇನ್ನೂ ಅಳಿಸಿರಲಿಲ್ಲ. ಹಿಡಿದು ಎಳೆದಳು. ಹಪ್ಪಳಕ್ಕೆ ಕೂಡಿಕೊಂಡಿದ್ದರೆ ಅದು ಅಲುಗಬಾರದಿತ್ತು. ಅದು ಅವಳ ಬೆರಳಲ್ಲೇ ಬಂತು. ಬಿಸಿಗೆ ಸಡಿಲಾಗಿದ್ದ ಅಂಟು ಪುಡಿಪುಡಿಯಾಗಿ ಅವಳ ಅಂಗೈಗೆ ಉದುರಿತು. ಬೆಳ್ಳಿಯ ಬಣ್ಣದ ಕೆಳಗೆ ಕೆಂಪು ಕಲ್ಲಿನ ಹುಡಿ ಕಲಸಿದ ಅಂಟು.

ಅಂಟಿಗೆ ಕಲ್ಲಿನ ಹುಡಿ ಕಲಸುವವನು ಆ ಕಾರ್ಖಾನೆಯಲ್ಲಿ ಒಬ್ಬನೇ ಇದ್ದ. ಇಲ್ಲಿ ಯಾವ ಕಲ್ಲೂ ಇರಲಿಲ್ಲ, ಹುಡಿ ಬೇಕಾಗಿಯೂ ಇರಲಿಲ್ಲ. ಕೈಗೆ ಬಿದ್ದ ಚಟ.

ಅವಳು ನೆಟ್ಟಗೆ ಕಲ್ಲಪ್ಪನ ಮನೆಗೆ ಹೋದಳು. ಅವನು ಕಟ್ಟೆಯ ಮೇಲೆ ಕೂತಿದ್ದ. ಅವಳು ಬಿಲ್ಲೆಯನ್ನು ಅವನ ಮುಂದೆ ಇಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

"ಏನ ಹಾಕೀಯೋ ಮಾಮಾ ಅಲ್ಲೆ?"

"ಪ್ಲೇಟ್."

"ಎಷ್ಟ ದಪ್ಪ?"

"ಕಾಲ ಇಂಚು." ಕಲ್ಲಪ್ಪ ತಲೆ ಎತ್ತದೆ ಹೇಳಿದ. "ಹೊಸಾವು ಬರೂತನಕ ಅಂದ್ರು ಮಾಲಕ್ರು. ಒಂದ ತಿಂಗಳ ಮಾತು. ನಿನಗ ಹೇಳಿದ್ರ ನೀ ಹಂಡಿ ಹಚ್ಚಗೊಡ್ತಿದ್ದಿಲ್ಲ."

"ಅದಕ್ಕs ಬಿಲ್ಲೆ ಅಂಟಿಸಿದಿ? ನಾ ದಿನಾ ನೋಡ್ತೇನಿ ಅಂತ?"

ಅವನು ಬಿಲ್ಲೆಯ ಕಡೆಯಿಂದ ಮುಖ ತಿರುಗಿಸಿದ.

"ನಾ ಕುಂಕುಮ ಹಚ್ಚೂ ಮುಂದ ನೀ ಕೆಳಗ ನಿಂತು ನಗಾಕತ್ತಿದ್ದಿ."

"ಆತು, ತಪ್ಪಾತು. ಈಗ ಹಾಡ್ಯಾಡಿ ಏನ ಮಾಡ್ತಿ? ಕರೆಂಟ್ ಹೋಗಿ ಆತು ಅಂತ ಬರಸ್ತಾರ. ನಿನ್ನ ಹೆಸರು ಬರಂಗಿಲ್ಲ, ನನ್ನ ಹೆಸರೂ ಬರಂಗಿಲ್ಲ. ಪ್ಲೇಟ್ ತಗದ ಒಗೀತೇನಿ."

"ಸಣ್ಣ ಹಂಡಿಗೂ ಪ್ಲೇಟನs ಹಾಕೀಯೇನು?"

"ಸಣ್ಣದಕ್ಕ ಕೈ ಹಚ್ಚಿಲ್ಲವ್ವಾ. ಅದರಾಗ ಹಪ್ಪಳನs ಐತಿ." ಕಲ್ಲಪ್ಪ ಎದ್ದು ಬಂದು ಅವಳ ನೆತ್ತಿಯ ಮೇಲೆ ಅಂಗೈ ಇಟ್ಟ. "ನಿನ್ನಾಣಿ."

ತಾಯಿಯ ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ಶೇಖವ್ವ ಮಗ್ಗದ ಕುಣಿಯಿಂದ ಮೇಲೆ ಬರಲಿಲ್ಲ. ಲಾಳಿಯನ್ನು ಮಡಿಲಲ್ಲಿ ಇಟ್ಟುಕೊಂಡು, "ನನಗ ತವರು ಅಂತ ಉಳದಿದ್ದು ಅಂವಾ ಒಬ್ಬಾಂವ. ಅವನ ಹೆಸರು ತಗೀಬ್ಯಾಡವ್ವಾ" ಎಂದಳು.

"ಮಾಳಪ್ಪನ ಕೈ ಬೆಂದೈತಲ್ಲಬೇ."

"ನನಗ ಗೊತ್ತೈತಿ. ಗೊತ್ತಿದ್ದs ಬೇಡಾಕತ್ತೇನಿ."

ಆ ಎರಡು ದಿನ ಮಹಾನಂದಾ ಉಂಡದ್ದು ಅವಳಿಗೆ ನೆನಪಿಲ್ಲ. ಬಾಗಲಕೋಟೆಯ ದವಾಖಾನೆಗೆ ಹೋಗಿ ಬಂದಳು. ಮಾಳಪ್ಪ ಬೋರಲಾಗಿ ಮಲಗಿದ್ದ. ಅವನ ಹೆಂಡತಿ ಇಂದ್ರವ್ವ ಬೀಸಣಿಗೆ ಬೀಸುತ್ತಿದ್ದಳು. ಅವರ ಮುಖ ನೋಡಿ ಮಾತು ಬಾಯಿತನಕ ಬಂತು. ತಾಯಿಯ ಮುಖ ನೆನೆದು ಒಳಗೆ ಹೋಯಿತು. ಪ್ಲೇಟು ತೆಗೆಯುತ್ತಾನೆ, ಸಣ್ಣ ಹಂಡೆ ಸರಿಯಿದೆ, ಇನ್ನು ಯಾರಿಗೂ ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಾವನ ಮೇಲೆ ಅವಳಿಗೆ ಇನ್ನೂ ಅಷ್ಟು ನಂಬಿಕೆ ಉಳಿದಿತ್ತು.

ಮೂರನೆಯ ದಿನ ಕಾರ್ಖಾನೆಗಳನ್ನು ತಪಾಸಣೆ ಮಾಡುವ ಅಧಿಕಾರಿ ಬಂದರು. ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿದರು. ದೊಡ್ಡ ಹಂಡೆಯ ಬೋಲ್ಟು ಬಿಚ್ಚಿಸಿದರು. ಬಳೆಗಳ ನಡುವೆ ಬಿಲ್ಲೆಯಿಲ್ಲದ, ಒಡೆದ ಹಪ್ಪಳವೊಂದು ಇತ್ತು. ಮಳೆಗಾಲದಲ್ಲಿ ಒಡೆದು ಮೂಲೆಗೆ ಬಿದ್ದಿದ್ದರಲ್ಲಿ ಅದೂ ಒಂದೆಂದು ಮಹಾನಂದಾ ನೋಡಿದ ಕೂಡಲೇ ಗುರುತು ಹಿಡಿದಳು. ಪ್ಲೇಟು ತೆಗೆದು ಅದನ್ನು ಕೂಡಿಸಿದ್ದರು. ಸುಳ್ಳಿಗೆ ಸಾಕ್ಷಿಯನ್ನೂ ತಯಾರು ಮಾಡಿದ್ದರು.

"ಹಪ್ಪಳ ತನ್ನ ಕೆಲಸ ತಾ ಮಾಡೇತ್ರಿ ಸಾಹೇಬ್ರ" ಎಂದರು ಮಾಲಕರು. "ಆದ್ರೂ ತಡೀಲಿಲ್ಲ ಅಂದ್ರ ಒಮ್ಮಿಗೇ ಭಾಳ ಮಾಲು ಬಿಟ್ಟಾರ."

ಅಧಿಕಾರಿ ಫಿಟ್ಟರನನ್ನು ಕರೆದರು. ಕಲ್ಲಪ್ಪ ಕೈಕಟ್ಟಿ ಮುಂದೆ ಬಂದ.

"ಹಂಡೇದಾಗ ಏನೂ ದೋಷ ಇರಲಿಲ್ರಿ. ಹೆಣ್ಮಗಳು... ಮನಿಗೆ ಲಗೂ ಹೋಗಬೇಕಂತ ಫಾರ್ಮಲಿನ್ ನಳಾ ಪೂರಾ ಬಿಟ್ಟಿದ್ಲ್ರಿ. ಕರೆಂಟ್ ಹೋದ ಮ್ಯಾಲೆ ಅಂಜಿ ಕೈಕಾಲ ಬಿಟ್ಲು."

ಮಹಾನಂದಾ ಅವನ ಮುಖವನ್ನೇ ನೋಡಿದಳು. ಅವನು ನೆಲ ನೋಡಿ ಮಾತಾಡುತ್ತಿದ್ದ. 'ಹೆಣ್ಮಗಳು' ಎಂದಿದ್ದ. ಹುಟ್ಟಿದಂದಿನಿಂದ ಬಾಯಿತುಂಬ ಕರೆಯುತ್ತಿದ್ದ ಹೆಸರು ಅವನ ನಾಲಗೆಗೆ ಬರಲಿಲ್ಲ. ಹತ್ತು ಹತ್ತು ನಿಮಿಷಕ್ಕೆ ಕಾವು ಬರೆದ ದಿನಚರಿಯನ್ನು ಅವಳು ಮುಂದೆ ಹಿಡಿದರೆ, ಅದನ್ನು ಆಮೇಲೆ ಕೂತು ಬರೆದಿರಬೇಕೆಂದು ಮಾಲಕರು ಅಂದರು. ಬಿಲ್ಲೆ ತೋರಿಸಿದರೆ, ಅದನ್ನು ಅವಳೇ ಕಿತ್ತಿರಬೇಕೆಂದರು. ಕಾಗದದ ಮೇಲೆ ಅಧಿಕಾರಿಯ ಪೆನ್ನು ಓಡುತ್ತಿತ್ತು.

"ಹಂಗಾರ ಸಣ್ಣ ಹಂಡೆ ನಾಳೆ ಚಾಲೂ ಮಾಡಲಿಕ್ಕೆ ಅಡ್ಡಿ ಇಲ್ಲಲ್ಲ?" ಎಂದು ಅಧಿಕಾರಿ ಕೇಳಿದರು.

"ಏನೂ ಅಡ್ಡಿ ಇಲ್ರಿ" ಎಂದ ಕಲ್ಲಪ್ಪ.

'ನಿನ್ನ ಹೆಸರು ಬರಂಗಿಲ್ಲ' ಎಂಬ ಮಾತು ಮುರಿದವನು ಸಣ್ಣ ಹಂಡೆಯ ಬಗ್ಗೆ ಇಟ್ಟ ಆಣೆ ಏನಾಗಿರಬಹುದೆಂದು ಮಹಾನಂದಾಳಿಗೆ ಆಗ ಹೊಳೆಯಿತು. ನೆತ್ತಿಯ ಮೇಲೆ ಆ ಅಂಗೈ ಇನ್ನೂ ಇದ್ದಂತೆಯೇ ಅನಿಸುತ್ತಿತ್ತು. ನಾಳೆ ಆ ಹಂಡೆಯ ಸುತ್ತ ಒಂಬತ್ತು ಜನ ನಿಲ್ಲುವವರಿದ್ದರು. ಅವಳು ಚೀಲದಿಂದ ಪಾನು ತೆಗೆದು, ಯಾರನ್ನೂ ಕೇಳದೆ ಸಣ್ಣ ಹಂಡೆಯ ಏಣಿ ಹತ್ತಿದಳು.

"ಏ ಬಾಯಿ, ಕೆಳಗ ಇಳಿ!" ಮಾಲಕರು ಕೂಗಿದರು.

ಬಿಲ್ಲೆಯ ಬುಡವನ್ನು ಅವಳು ಉಗುರಿನಿಂದ ಕೆರೆದಳು. ಬೆಳ್ಳಿಯ ಬಣ್ಣದ ಅಡಿಯಿಂದ ಕೆಂಪು ಬಂತು. ಪಾನಿನಿಂದ ಒಂದೇ ಏಟು ಹಾಕಿದಳು. ಬಿಲ್ಲೆ ಸಿಡಿದು ಕೆಳಗಿನ ಸಿಮೆಂಟಿನ ಮೇಲೆ ಠಣ್ಣೆಂದು ಬಿದ್ದು ಅಧಿಕಾರಿಯ ಬೂಟಿನ ಹತ್ತಿರ ಹೋಗಿ ನಿಂತಿತು.

"ಸಾಹೇಬ್ರ, ಇದನ್ನ ನಾ ಈಗ ಕಿತ್ತೇನಿ, ಎಲ್ಲಾರೂ ನೋಡೀರಿ. ಹಪ್ಪಳಕ್ಕ ಕೂಡಿದ್ದಿದ್ರ ಇದು ಬರ್ತಿದ್ದಿಲ್ಲ. ಬೋಲ್ಟ್ ಬಿಚ್ಚಸ್ರಿ."

ಬೋಲ್ಟು ಬಿಚ್ಚಿದರು. ಒಳಗೆ ಕಾಲು ಇಂಚಿನ ಉಕ್ಕಿನ ಪ್ಲೇಟು ಕೂತಿತ್ತು. ಅಧಿಕಾರಿ ಅದನ್ನು ಬೆರಳಿನಿಂದ ಬಡಿದು ನೋಡಿ, ಬರೆದಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟು ಹೊಸ ಕಾಗದ ಕೇಳಿದರು.

ಮಹಾನಂದಾ ಕೆಳಗಿಳಿದಾಗ ಕಲ್ಲಪ್ಪ ಏಣಿಯ ಬುಡದಲ್ಲೇ ಇದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಕಲ್ಲಿಗೂ ಗೊತ್ತಾಗ್ತಿದ್ದಿಲ್ಲ ಅದು" ಎಂದ.

"ನನ್ನಾಣಿ ಮಾಡಿದ್ದಿಯಲ್ಲೋ ಮಾಮಾ" ಎಂದಳು ಮಹಾನಂದಾ.

ನಾಲ್ಕು ತಿಂಗಳು ಕಾರ್ಖಾನೆ ಮುಚ್ಚಿತ್ತು. ಮಾಲಕರ ಮೇಲೆ ಹೂಡಿದ ದಾವೆ ಬಾಗಲಕೋಟೆಯಲ್ಲಿ ಇನ್ನೂ ನಡೆದಿದೆ. ಕಲ್ಲಪ್ಪನ ಕೆಲಸ ಹೋಯಿತು. ಮತ್ತೆ ಬಾಗಿಲು ತೆರೆದಾಗ ಹಂಡೆಗಳಿಗೆ ಹೊಸ ಹಪ್ಪಳ ಬಂದಿದ್ದವು, ಹೊಸ ಪಂಪು ಬಂದಿತ್ತು. ಮಹಾನಂದಾಳನ್ನು ಮಾತ್ರ ಕರೆಯಲಿಲ್ಲ. ಕೇಳಲು ಹೋದರೆ ಜಾಗ ತುಂಬಿದೆ ಎಂದರು. ಕೆಲಸವಿಲ್ಲದೆ ಕೂತ ನಾಲ್ಕು ತಿಂಗಳ ಸಿಟ್ಟನ್ನು ಜೊತೆಯವರು ಅವಳ ಮೇಲೆಯೇ ತೀರಿಸಿಕೊಂಡರು. ನಳದ ಕಟ್ಟೆಯಲ್ಲಿ, "ಸ್ವಾದರಮಾವನ್ನ ಹಿಡದ ಕೊಟ್ಟಾಕಿ" ಎಂಬ ಮಾತು ಅವಳಿಗೆ ಕೇಳುವಷ್ಟು ಗಟ್ಟಿಯಾಗಿಯೇ ಬರುತ್ತಿತ್ತು. ಯಾವ ಒಂಬತ್ತು ಜನರಿಗಾಗಿ ಏಣಿ ಹತ್ತಿದ್ದಳೋ ಅವರಲ್ಲಿ ಇಬ್ಬರು ಎದುರಿಗೆ ಬಂದರೆ ಓಣಿ ಬದಲಿಸುತ್ತಿದ್ದರು.

ಇಂದ್ರವ್ವ ಮಾತ್ರ ಒಂದು ದಿನ ಮನೆಗೆ ಬಂದಳು. ಮಾಳಪ್ಪನ ಬಲಗೈ ಪೂರ್ತಿ ಮಡಚಲು ಬರುವುದಿಲ್ಲ, ಎಡಗೈಯಿಂದ ಉಣ್ಣುವುದನ್ನು ಕಲಿತಿದ್ದಾನೆ ಎಂದಳು. ಹೊರಡುವಾಗ, "ಸಂಡಗಿಗೆ ಪೂಜಿ ಯಾವಾಗ ಅಂತ ಕೇಳಂದಾರ್ರಿ" ಎಂದಳು. ಅವಳು ಹೋದ ಮೇಲೆ ಮಹಾನಂದಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಕಲ್ಲಪ್ಪ ಈಗ ಹೆಂಡತಿಯ ತವರಾದ ಕಲಾದಗಿಯ ಕಡೆ ದಾಳಿಂಬೆ ತೋಟಗಳ ಪಂಪು ರಿಪೇರಿ ಮಾಡಿಕೊಂಡಿದ್ದಾನೆ. ಪಂಚಮಿಗೆ ಅಕ್ಕನನ್ನು ಕರೆಯಲು ಬರುವುದನ್ನು ಬಿಟ್ಟು ಮೂರು ವರ್ಷವಾಯಿತು. ಶೇಖವ್ವ ಪ್ರತಿ ವರ್ಷ ಶೇಂಗಾ ಉಂಡಿ ಕಟ್ಟಿ ಒಂದು ಡಬ್ಬಿ ಬೇರೆ ತೆಗೆದಿಡುತ್ತಾಳೆ. ಹಬ್ಬ ಕಳೆದು ಎಂಟು ದಿನಕ್ಕೆ ಆ ಡಬ್ಬಿಯನ್ನು ತಾನೇ ತೆರೆದು ಓಣಿಯ ಮಕ್ಕಳಿಗೆ ಹಂಚುತ್ತಾಳೆ. ಮಗಳನ್ನು ಒಂದು ಮಾತು ಅಂದಿಲ್ಲ. ತಮ್ಮನ ಹೆಸರನ್ನೂ ಎತ್ತಿಲ್ಲ. ಸೆರಗಿನ ಹಾಸು ಜೋಡಿಸುವ ದಿನ ಮಗ್ಗದ ಆ ಬದಿಯ ಜಾಗ ಖಾಲಿ ಇರುವುದನ್ನು ನೋಡಿ ಮಹಾನಂದಾ ಮೊದಲ ಸಲ ತಾನಾಗಿಯೇ ಹೋಗಿ ಕೂತಳು. ಶೇಖವ್ವ ತಲೆ ಎತ್ತದೆ ಎಳೆಯನ್ನು ಮುಂದೆ ಚಾಚಿದಳು. ಈಗ ಪ್ರತಿ ಸೀರೆಗೂ ತಾಯಿ ಮಗಳು ಹಾಗೆಯೇ ಕೂಡುತ್ತಾರೆ.

ಚಂದ್ರಶೇಖರಪ್ಪ ಮಾಸ್ತರರು ಈಚೆಗೆ ಅವಳನ್ನು ಕಂಡದ್ದು ಹುನಗುಂದದ ಹತ್ತಿರದ ಒಂದು ನೂಲಿನ ಬಣ್ಣದ ಮನೆಯಲ್ಲಿ. ಪಾಲಿಯೆಸ್ಟರ್ ನೂಲಿಗೆ ಬಣ್ಣ ಹಿಡಿಯಬೇಕಾದರೆ ಬಾಯಿ ಬಿಗಿದ ಹಂಡೆಯಲ್ಲಿ, ಒತ್ತಡದಲ್ಲಿ ಕುದಿಸಬೇಕು. ಅದರ ನೆತ್ತಿಗೂ ಒಂದು ಹಪ್ಪಳವಿದೆ, ಅದಕ್ಕೂ ಒಂದು ಬಿಲ್ಲೆಯಿದೆ. ಮಹಾನಂದಾ ಅಲ್ಲಿನ ಮೇಲ್ವಿಚಾರಕಿ. ಕೆಲಸಕ್ಕೆ ಸೇರುವ ಮೊದಲೇ ಒಂದು ಕರಾರು ಮಾಡಿಕೊಂಡಿದ್ದಾಳೆ: ತಿಂಗಳ ಮೊದಲನೆಯ ಸೋಮವಾರ ಹಂಡೆ ತಣ್ಣಗಿರಬೇಕು, ಅದರ ಬೋಲ್ಟನ್ನು ತನ್ನ ಹೊರತು ಯಾರೂ ಮುಟ್ಟಬಾರದು.

ಮಾಸ್ತರರು ಹೋದದ್ದು ಅಂಥದೊಂದು ಸೋಮವಾರ. ಅವಳು ಏಣಿಯ ಮೇಲಿದ್ದಳು. ಬಿಲ್ಲೆಯ ಕಡೆ ನೋಡಲೇ ಇಲ್ಲ. ಎಂಟೂ ಬೋಲ್ಟು ಬಿಚ್ಚಿ, ಬಳೆ ಎತ್ತಿ, ಹಪ್ಪಳವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬಿಸಿಲಿಗೆ ಒಡ್ಡಿದಳು. ಹೊರಳಿಸಿ ನೋಡಿ ಮತ್ತೆ ಕೂಡಿಸಿದಳು. ಪಾನು ಹಳೆಯದು, ಹಿಡಿ ಸವೆದು ನುಣುಪಾಗಿದೆ. ಒಂದನ್ನು ಸ್ವಲ್ಪ ಬಿಗಿದಳು, ಅದರ ಎದುರಿನದನ್ನು ಸ್ವಲ್ಪ ಬಿಗಿದಳು. ತುಟಿ ಅಲುಗುತ್ತಿತ್ತು. ಕೆಳಗೆ ನಿಂತ ಮಾಸ್ತರರಿಗೆ ಕೇಳಿಸುವಷ್ಟು ದನಿ ಇತ್ತು.

"ಎದರಾ ಬದರ, ಎದರಾ ಬದರ."